ಕಾಲುವೆ ತೋಯಿಸುವ ಹೊತ್ತು

"ಮತ್ತೇನರ ಅದ ಏನಕ್ಕ?" ಎಂದು ನನ್ನ ತಂಗಿ ಕೇಳಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಹೇಳಬೇಕಾದದ್ದು ಇನ್ನೂ ಒಂದು ಇತ್ತು, ಅದು ನನಗೆ ಗೊತ್ತಿತ್ತು. ಆದರೂ "ಇಲ್ಲ, ಇಷ್ಟ ನೋಡು" ಎಂದೆ. ಅಡುಗೆಮನೆಯಲ್ಲಿ ಆಡಿದ ಆ ಸಣ್ಣ ಮಾತಿನಿಂದ ಒಬ್ಬ ಮುದುಕಿಯ ಮೆಣಸಿನ ಸಸಿ ಬಾಡಿತು, ತಂಗಿ ಜನರ ಮುಂದೆ ತಲೆ ತಗ್ಗಿಸಿದಳು. ನಾನು ಓದಿದ್ದು ಆರನೆಯ ತರಗತಿಯವರೆಗೆ ಮಾತ್ರ. ಬರೆಯುವ ರೂಢಿ ಇಲ್ಲ. ಆದರೂ ಇದನ್ನು ಬರೆದಿಡಬೇಕೆನಿಸಿದೆ.

ನಮ್ಮದು ಅಫಜಲಪುರ ತಾಲ್ಲೂಕಿನ ಕರಜಗಿ. ಭೀಮಾ ನದಿಯ ದಂಡೆಗೆ ಕೂಡಿಸಿದ ಪಂಪೊಂದು ನೀರೆತ್ತಿ ಮಣ್ಣಿನ ಕಾಲುವೆಗೆ ಬಿಡುತ್ತದೆ. ಆ ಕಾಲುವೆಯ ಮೇಲೆ ಏಳೆಂಟು ಮನೆಯವರ ಹೊಲಗಳಿವೆ. ಪಂಪು ಎಲ್ಲರೂ ಸೇರಿ ಹಾಕಿಸಿದ್ದು, ನೀರು ಪಾಳಿಯ ಪ್ರಕಾರ. ಪಂಪಿನ ಬುಡಕ್ಕೇ ಇರುವುದು ನಮ್ಮ ಹೊಲ. ಕಾಲುವೆಯ ತುದಿಗೆ ಇರುವುದು ಊರೆಲ್ಲ ಆಯಿ ಎಂದು ಕರೆಯುವ ಮುದುಕಿಯ ತುಂಡು ಹೊಲ. ಉಳಿದವರು ನಡುವೆ. ಅಪ್ಪನಿಗೆ ನಾವಿಬ್ಬರೇ ಹೆಣ್ಣುಮಕ್ಕಳು, ಹಾಗಾಗಿ ಹೊಲ ನನ್ನ ಕೈಗೆ ಬಂತು. ಕಬ್ಬಿನ ಹಂಗಾಮಿನಲ್ಲಿ ನನ್ನ ಗಂಡ ಭೂಸನೂರಿನ ಕಡೆ ಟ್ರ್ಯಾಕ್ಟರ್ ಓಡಿಸಲು ಹೋಗುತ್ತಾರೆ. ನೀರಿನ ಪಾಳಿ ನೋಡುವುದು ನಾನೇ.

ನಾನು ಹುಡುಗಿಯಾಗಿದ್ದಾಗ ಪಾಳಿ ನೋಡುತ್ತಿದ್ದವನು ಒಬ್ಬ ಅಜ್ಜ. ಸಂಜೆ ಪಂಪು ನಿಂತ ಮೇಲೆ ಅವನು ಕಾಲುವೆಯ ಗುಂಟ ನಡೆದು ಹೋಗಿ, ನೆಲ ಎಲ್ಲಿಯವರೆಗೆ ಹಸಿಯಾಗಿದೆಯೋ ಅಲ್ಲಿ ದಡಕ್ಕೆ ಒಂದು ಬೇವಿನ ಕಡ್ಡಿ ಚುಚ್ಚಿ ಬರುತ್ತಿದ್ದ. ಮರುದಿನ ಕರೆಂಟು ಬಂದಾಗ ಮತ್ತೆ ಹೋಗಿ ಕಾಲುವೆಯ ತಳಕ್ಕೆ ಅಂಗಾಲು ಒತ್ತಿ ನೋಡುತ್ತಿದ್ದ. ಹೆಜ್ಜೆ ಮೂಡಿದರೆ ಸರಿ. ಮಣ್ಣು ಪುಡಿಯಾಗಿ ಬೆರಳ ಸಂದಿಗೆ ಬಂದರೆ, "ಕಾಲುವಿ ಒಣಗ್ಯಾದ. ಅದು ಕುಡದದ್ದು ಪಾಳಿ ಲೆಕ್ಕಕ್ಕ ಹಿಡೀಬ್ಯಾಡ್ರಿ" ಎನ್ನುತ್ತಿದ್ದ. ನಮ್ಮ ಕರಿ ಮಣ್ಣು ಒಣಗಿದರೆ ಬಿರಿಯುತ್ತದೆ. ಬಿರುಕು ತುಂಬಿ ಕೂಡಿಕೊಳ್ಳುವವರೆಗೆ ನೀರು ಮುಂದಕ್ಕೆ ಹೋಗುವುದೇ ಇಲ್ಲ. ಹಾಗೆ ನೆಲ ಕುಡಿದ ಹೊತ್ತನ್ನು ತೋಯಿಸುವ ಹೊತ್ತು ಎಂದು ಬಿಟ್ಟುಕೊಟ್ಟು, ನೀರು ಹೊಲದ ಬಾಯಿಗೆ ಮುಟ್ಟಿದ ಮೇಲೆಯೇ ಪಾಳಿಯ ಲೆಕ್ಕ ಶುರು ಮಾಡುವುದು ನಮ್ಮ ಕಾಲುವೆಯ ಪದ್ಧತಿ. ಪಂಪಿನ ಬುಡದ ಹೊಲದವರಿಗೆ ಇದರ ಬಿಸಿ ತಟ್ಟುವುದೇ ಇಲ್ಲ. ತುದಿಯವರಿಗೆ ಅದೇ ಜೀವ.

ಆ ಅಜ್ಜನ ಹಿಂದೆ ನಾನು ಎಷ್ಟೋ ಸಂಜೆ ನಡೆದಿದ್ದೇನೆ. ಸೊಂಟದ ಮೇಲೆ ತಂಗಿ ಇರುತ್ತಿದ್ದಳು. ಅವ್ವ ಕೂಲಿಗೆ ಹೋಗುವವಳು, ಕೂಸು ಹಿಡಿಯಲು ಯಾರಾದರೂ ಬೇಕಲ್ಲ. ಅದಕ್ಕೇ ನನ್ನ ಶಾಲೆ ಬಿಡಿಸಿದರು. ಅವಳು ಅತ್ತರೆ ಕಾಲುವೆಯ ನೀರಿಗೆ ಅವಳ ಕಾಲು ಇಳಿಬಿಡುತ್ತಿದ್ದೆ, ಸುಮ್ಮನಾಗುತ್ತಿದ್ದಳು. ಅವಳಿಗೆ ಅದ್ಯಾವುದೂ ನೆನಪಿಲ್ಲ. ಶಾಲೆಗೆ ಹೋಗುವ ವಯಸ್ಸಿಗೆ ಅಫಜಲಪುರದ ಹಾಸ್ಟೆಲ್ಲಿಗೆ ಹೋದಳು, ಮುಂದೆ ಕಲಬುರಗಿಗೆ. ಓದಿದಳು. ಈಗ ಜೇವರ್ಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಅವಳ ಗಂಡ ಅಲ್ಲೇ ತೊಗರಿ ಅಂಗಡಿಯಲ್ಲಿ ಕೂರುತ್ತಾರೆ. ಅವಳಿಗೂ ಈಗ ಒಂದು ಎಳೆಗೂಸು ಇದೆ. ರಜೆ ಸಿಕ್ಕರೆ ಕೂಸನ್ನೆತ್ತಿಕೊಂಡು ಕರಜಗಿಗೆ ಬಂದುಬಿಡುತ್ತಾಳೆ.

ಅಜ್ಜ ತೀರಿಕೊಂಡ ಮೇಲೆ ಕಾಲುವೆಯ ಗುಂಟ ನಡೆಯುವವರು ಯಾರೂ ಇರಲಿಲ್ಲ. ಅವನ ಮಗ, ನಾವು ಕಾಕಾ ಎನ್ನುವವರು, ಪಂಪಿನ ಮನೆಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಪಾಳಿ ಬರೆಯತೊಡಗಿದರು. ಯಾರ ಪಾಳಿ ಎಷ್ಟು ಉಳಿದಿದೆ, ಕರೆಂಟು ಯಾರ ಹೊತ್ತಿನಲ್ಲಿ ಹೋಯಿತು, ಎಲ್ಲ ಗೋಡೆಯ ಮೇಲೆ. ಗೋಡೆಯ ಮೇಲೆ ಬರೆದದ್ದನ್ನು ಯಾರು ಬೇಕಾದರೂ ಒರೆಸಬಹುದು. ಒರೆಸಿದರು. ತಮಗೆ ಬೇಕಾದಂತೆ ತಿದ್ದಿದರು. ಪ್ರತಿ ಪಾಳಿಗೂ ಜಗಳ. ಒಮ್ಮೆ ಒಬ್ಬರು, ಕಾಲುವೆಗೆ ಅಡ್ಡ ಹಾಕಿ ನೀರನ್ನು ಹೊಲಕ್ಕೆ ತಿರುಗಿಸುವ ಹಲಗೆಯನ್ನೇ ಕಿತ್ತುಕೊಂಡು ಮನೆಗೆ ಒಯ್ದರು. ಆಯಿ ಪ್ರತಿ ಸಲವೂ ಸುದ್ದಿ ಕೇಳಿ ಅಷ್ಟು ದೂರದಿಂದ ನಡೆದು ಬಂದು, "ಯಾರ್ಲೇ ನನ್ನ ಹೆಸರು ಒರಸಿದವ, ನಾ ಇನ್ನಾ ಸತ್ತಿಲ್ಲ" ಎಂದು ಗೋಡೆಗೆ ಬೈದು ಹೋಗುವಳು.

ಆ ಶನಿವಾರ ತಂಗಿ ಬಂದಾಗ ಆಕೆಯ ತಲೆಯಲ್ಲಿ ಪಾಠವೊಂದು ಕೂತಿತ್ತು. ಒಂದು ಲಿಸ್ಟಿನಿಂದ ಇನ್ನೊಂದು ಲಿಸ್ಟ್ ಮಾಡುವುದು, ಹಾಗೆ ಮಾಡುತ್ತಾ ಏನನ್ನೋ ಜೊತೆಗೆ ಹೊತ್ತುಕೊಂಡು ಹೋಗುವುದು. ಫಂಕ್ಷನಲ್ ಪ್ರೋಗ್ರಾಮಿಂಗ್ ಎಂದಳು. ಜೇವರ್ಗಿಯ ಹುಡುಗರಿಗೆ ಮೊದಲನೆಯದು ತಿಳಿಯುತ್ತದಂತೆ, ಎರಡನೆಯದಕ್ಕೆ ಬಂದರೆ ಕಿಟಕಿ ನೋಡುತ್ತಾರಂತೆ. ಒಲೆಯ ಮುಂದೆ ಕೂತು ನನಗೇ ಹೇಳಿ ನೋಡಿದಳು.

"ನೋಡಕ್ಕ, ಇಲ್ಲಿ ಹಿಟ್ಟಿನ ಉಂಡಿ ಸಾಲಾಗಿ ಇಟ್ಟೀ. ಒಂದೊಂದು ಉಂಡಿ ಬಡದು ಒಂದೊಂದು ರೊಟ್ಟಿ ಮಾಡ್ತೀ. ಈ ರೊಟ್ಟಿಗೂ ಆ ರೊಟ್ಟಿಗೂ ಸಂಬಂಧ ಇಲ್ಲ. ಇದು ಸುಲಭ."

"ಸಂಬಂಧ ಇಲ್ಲ ಅಂದ್ರ ಹ್ಯಾಂಗ?" ಎಂದೆ. "ಮೊದಲನೇ ರೊಟ್ಟಿ ಹಂಚಿಗೆ ಹತ್ತಿಕೊಂತದ. ಹಂಚು ಕಾಯ್ದಿರಂಗಿಲ್ಲ. ಎರಡನೇದಕ್ಕ ಮೊದಲನೇದರ ಕಾವು ಸಿಗ್ತದ. ಕಡೀದಕ್ಕ ಬೆಂಕಿ ಹಿಂದಕ್ಕ ಎಳೀಬೇಕು."

ಅವಳು ಕೂಸನ್ನು ತೊಡೆಯಿಂದ ಇಳಿಸಿ ಎದ್ದೇ ನಿಂತಳು. "ಅದ ಅಕ್ಕ. ಅದನ್ನ ಹೇಳಾಕತ್ತೇನಿ. ಹಂಚಿನ ಕಾವು. ಅದಕ್ಕ ನಾವು ಸ್ಟೇಟ್ ಅಂತೀವಿ. ಪ್ರತಿ ಉಂಡಿ ಹತ್ರ ಹೋದಾಗ ಕೈಯಾಗ ಎರಡು ಇರ್ತಾವ: ಈ ಉಂಡಿ, ಇಲ್ಲಿತನಕ ಬಂದ ಕಾವು. ಹೊರಗ ಬರೋದೂ ಎರಡು: ಒಂದು ರೊಟ್ಟಿ, ಮುಂದಿನದಕ್ಕ ಕೊಡೋ ಕಾವು. ಎಲ್ಲಾ ಮುಗಿದ ಮ್ಯಾಲ ಬುಟ್ಟಿ ತುಂಬ ರೊಟ್ಟಿ, ಕೈಯಾಗ ಉಳಿದ ಕಾವು."

"ಕಾವು ಕೈಯಾಗ ಹ್ಯಾಂಗ ಹಿಡೀತೀ ಬೇ? ಹಂಚಿನಾಗ ಇರ್ತದ ಅದು."

"ಹಂಚಿನಾಗ ಬಿಟ್ರ ಯಾರರ ಬಂದು ನೀರು ಹೊಡೀತಾರ. ನಿಮ್ಮ ಗೋಡಿ ಹಂಗ. ಯಾರು ಬೇಕಾದ್ರೂ ಒರಸ್ತಾರ. ನಾವು ಗೋಡಿ ಮ್ಯಾಲ ಬರಿಯಂಗಿಲ್ಲ. ಒಬ್ಬರ ಕೈಯಿಂದ ಮುಂದಿನವರ ಕೈಗೆ ಕೊಟ್ಟು ಕಳಸ್ತೀವಿ. ಹಳೇದು ಏನೂ ಅಳಸಂಗಿಲ್ಲ, ಪ್ರತಿ ಸಲ ಹೊಸದು."

ಇದನ್ನು ಹೇಳುತ್ತಲೇ ಅವಳಿಗೆ ಕಾಲುವೆ ಹೊಳೆಯಿತು. ನಮ್ಮ ಪಂಪಿನ ಸ್ಟಾರ್ಟರಿಗೆ ಮೊಬೈಲ್ ಜೋಡಿಸಿದ್ದಾರೆ, ಕರೆಂಟು ಬಂದಾಗ ಹೋದಾಗ ಅದು ತಾನೇ ಕರೆ ಮಾಡುತ್ತದೆ. ಅದನ್ನು ಹಿಡಿದು ಪಾಳಿ ಲೆಕ್ಕ ಹಾಕಿ ಒಬ್ಬೊಬ್ಬರ ಫೋನಿಗೂ ಮೆಸೇಜು ಕಳಿಸುವ ಪ್ರೋಗ್ರಾಮ್ ತಾನೇ ಬರೆಯುತ್ತೇನೆ ಎಂದಳು. ಕೆಲವು ವಾರ ಬಿಟ್ಟು ಒಂದು ದಿನ ಪಾಠ ಹೇಳಲು ಆಳಂದದ ಕಾಲೇಜಿನವರು ಅವಳನ್ನು ಕರೆದಿದ್ದರು. ಅಲ್ಲಿ ಪುಸ್ತಕದ ಉದಾಹರಣೆ ಬೇಡ, ನನ್ನ ಊರಿನ ಕಾಲುವೆಯನ್ನೇ ತೋರಿಸುತ್ತೇನೆ ಎಂದು ಮುಖ ಅರಳಿಸಿದಳು. ಹುಟ್ಟಿದ ಊರಿಗೆ ತನ್ನ ಓದಿನಿಂದ ಏನಾದರೂ ಆಗಬೇಕೆಂಬ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು.

ಅಷ್ಟರಲ್ಲಿ ಅವಳ ಗಂಡನ ಫೋನು ಬಂತು. ನಗುತ್ತಾ ಹೇಳಿದಳು: "ಅಕ್ಕಗ ರೊಟ್ಟಿ ಮ್ಯಾಲ ಹೇಳಿದ್ನೆಪ. ಅಕ್ಕಗೂ ತಿಳೀತು ಅಂದ ಮ್ಯಾಲ ಹುಡುಗರಿಗೆ ತಿಳದ ತಿಳೀತದ."

ಪ್ರೀತಿಯಿಂದಲೇ ಆಡಿದ ಮಾತು ಅದು. ಇವತ್ತು ಬರೆಯುವಾಗ ನನಗೆ ಅದರಲ್ಲಿ ಪ್ರೀತಿಯೇ ಕಾಣುತ್ತದೆ. ಅವತ್ತು ಮಾತ್ರ ಎದೆಯಲ್ಲಿ ಒಂದು ಮುಳ್ಳು ಆಡಿದಂತಾಯಿತು. "ಅಕ್ಕಗೂ" ಎಂದಿದ್ದಳು. ನಾನು ಶಾಲೆಯ ಪಾಟಿ ಕೆಳಗಿಟ್ಟು ಸೊಂಟದ ಮೇಲೆ ಹೊತ್ತ ಕೂಸು ಇದು, ಈಗ ನನ್ನನ್ನೇ ಅಳತೆಗೋಲು ಮಾಡಿಕೊಂಡಿದೆ ಎನಿಸಿತು.

ಫೋನಿಟ್ಟು ಅವಳು ಪಾಳಿಯ ನಿಯಮ ಕೇಳಿದಳು. ಹೇಳಿದೆ. ಯಾರ ಹಿಂದೆ ಯಾರು, ಎಷ್ಟು ಭೂಮಿಗೆ ಎಷ್ಟು ಹೊತ್ತು, ಕರೆಂಟು ನಡುವೆ ಹೋದರೆ ಉಳಿದ ಹೊತ್ತು ಅವರಿಗೇ ಮರುದಿನ. ಅವಳು ಬರೆದುಕೊಂಡಳು. ಆಮೇಲೆ ತಲೆಯೆತ್ತಿ ಕೇಳಿದಳು, "ಮತ್ತೇನರ ಅದ ಏನಕ್ಕ?"

ಬೇವಿನ ಕಡ್ಡಿ ಕಣ್ಣ ಮುಂದೆ ಬಂತು. ಅಜ್ಜನ ಅಂಗಾಲು ಬಂತು. "ಇಲ್ಲ, ಇಷ್ಟ ನೋಡು" ಎಂದೆ.

ನೀರಿನ ಆಸೆಗೆ ಹಾಗೆ ಮಾಡಿದೆ ಎಂದುಕೊಂಡರೆ ಸ್ವಲ್ಪ ಹಗುರವಾಗುತ್ತಿತ್ತೇನೋ. ನೀರು ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ. ಒಂದೇ ಒಂದು ಸಲ ಅವಳು ಗೊತ್ತಿಲ್ಲದೆ ನಿಲ್ಲುವುದನ್ನು ನೋಡಬೇಕೆನಿಸಿತ್ತು.

ಮುಂದಿನ ವಾರ ಪಂಪಿನ ಮನೆಯ ಮುಂದೆ ಎಲ್ಲರೂ ಸೇರಿದರು. ತಂಗಿ ಕೂಸನ್ನು ನನ್ನ ಕೈಗೆ ಕೊಟ್ಟು ನಿಂತು ವಿವರಿಸಿದಳು. ಕಾಕಾ ಮೀಸೆ ತಿರುವುತ್ತಾ, "ಅಂದ್ರ ಇನ್ನ ಮ್ಯಾಲ ನಮ್ಮ ಜಗಳಾನೂ ಫೋನೇ ಮಾಡ್ತದೇನವಾ?" ಎಂದರು. ಎಲ್ಲರೂ ನಕ್ಕರು.

"ಜಗಳ ನಿಮಗ ಬಿಟ್ಟೇನಿ ಕಾಕಾ, ಲೆಕ್ಕ ಅಷ್ಟ ಅದು ಮಾಡ್ತದ," ಎಂದಳು ತಂಗಿ.

"ನಂಗ ಓದಾಕ ಬರಂಗಿಲ್ಲ," ಎಂದಳು ಆಯಿ.

"ನಿನಗ ಅದು ಮಾತಾಡಿ ಹೇಳ್ತದ ಆಯಿ. ನನ್ನ ದನೀಲೇ."

"ನಿನ್ನ ದನಿ ಬ್ಯಾಡ ಬೇ, ಸಣ್ಣಾಕಿ ಇದ್ದಾಗ ಕೇಳಿ ಕೇಳಿ ಕಿವಿ ತೂತು ಬಿದ್ದಾವ. ಎಷ್ಟು ಅಳ್ತಿದ್ದಿ."

ಒಂದು ಸುತ್ತು ನೋಡೋಣ, ಸರಿಯಾದರೆ ಗೋಡೆಗೆ ಸುಣ್ಣ ಬಳಿಯೋಣ, ಇಲ್ಲದಿದ್ದರೆ ಮೊದಲಿನಂತೆ, ಎಂದು ಮಾತಾಯಿತು. ತೋಯಿಸುವ ಹೊತ್ತಿನ ಮಾತನ್ನು ಯಾರೂ ಎತ್ತಲಿಲ್ಲ. ಅದರಲ್ಲಿ ಅವರ ತಪ್ಪಿಲ್ಲ. ನಮ್ಮಲ್ಲಿ ಅದು ಬಾಯಿಬಿಟ್ಟು ಹೇಳುವ ಸಂಗತಿಯೇ ಅಲ್ಲ. ನೀರು ಇಳಿಜಾರಿಗೆ ಹರಿಯುತ್ತದೆ ಎಂದು ಯಾರಾದರೂ ಸಭೆ ಸೇರಿಸಿ ಹೇಳುತ್ತಾರೆಯೇ? ಪ್ರತಿಯೊಬ್ಬರೂ ಅದು ಲೆಕ್ಕದಲ್ಲಿ ಇದ್ದೇ ಇರುತ್ತದೆ ಎಂದುಕೊಂಡರು. ಅಕ್ಕ ಹೇಳಿರುತ್ತಾಳೆ ಎಂದುಕೊಂಡರು. ಅಷ್ಟು ಜನ ರೂಢಿಯಿಂದ ಸುಮ್ಮನಿದ್ದರು. ಬೇಕೆಂದು ಸುಮ್ಮನಿದ್ದವಳು ನಾನೊಬ್ಬಳೇ.

ಶುರುವಿನಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು. ಕರೆಂಟು ದಿನವೂ ಹಗಲಿನಲ್ಲಿ ಬಂತು, ಕಾಲುವೆ ಒಣಗಲೇ ಇಲ್ಲ. ಮೆಸೇಜು ಬಂದವರು ಹಲಗೆ ಹಾಕಿದರು, ಮುಗಿದವರು ತೆಗೆದರು. ಜಗಳವಿಲ್ಲದೆ ಜನಕ್ಕೆ ಹೊತ್ತು ಹೋಗದಂತಾಯಿತು. ತಂಗಿ ಫೋನಿನಲ್ಲಿ ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದಳು. "ಅಕ್ಕ, ಬರಾಬರ್ ನಡದದ?" ಎಂದು ನನ್ನನ್ನೂ ಕೇಳಿದಳು. "ನಡದದ" ಎಂದೆ. ಹೇಳಿಬಿಡಲು ಆಗಲೂ ಸಮಯವಿತ್ತು. ಎಲ್ಲ ಸರಿಯಿದೆಯಲ್ಲ, ಈಗೇಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲೆ ಎಲ್ಲಿಯೋ ತಂತಿ ಕಡಿದು ಕರೆಂಟು ಹೋಯಿತು. ಆಯಿಯ ಪಾಳಿ ಇನ್ನೇನು ಶುರುವಾಗುವುದಿತ್ತು. ದುರಸ್ತಿಗೆ ಕೆಲವು ದಿನ ಹಿಡಿದವು. ಬಿಸಿಲು ಜೋರು. ಕಾಲುವೆಯ ತಳ ಬಿರಿದು ಹೆಬ್ಬೆರಳು ಹೋಗುವಷ್ಟು ಬಾಯಿ ಬಿಟ್ಟಿತು. ಆಯಿ ಹೊಸದಾಗಿ ಮೆಣಸಿನ ಸಸಿ ನಾಟಿದ್ದಳು, ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದಳು.

ಕರೆಂಟು ಬಂದ ಬೆಳಿಗ್ಗೆ ಪಂಪು ಶುರುವಾಯಿತು. ನಾನು ನಮ್ಮ ಹೊಲದ ಬಾಯಿಯ ಹತ್ತಿರವೇ ಇದ್ದೆ. ನೀರು ಬುಸುಗುಟ್ಟುತ್ತಾ ಹೋಗಿ ಬಿರುಕುಗಳಲ್ಲಿ ಮಾಯವಾಗುವುದು ಕಾಣುತ್ತಿತ್ತು. ಆಯಿಯ ಹೊಲ ಬಹಳ ದೂರ. ಕಾಲುವೆ ಕುಡಿಯಿತು, ಕುಡಿಯುತ್ತಲೇ ಹೋಯಿತು. ಕೊನೆಗೆ ನನ್ನ ಫೋನು ಟಿಂಗ್ ಎಂದಿತು. ಆಯಿಯ ಪಾಳಿ ಮುಗಿಯಿತು, ಸುತ್ತು ಮತ್ತೆ ಮೊದಲಿನಿಂದ ಶುರು, ಈಗ ನಿಮ್ಮ ಪಾಳಿ.

ಹಲಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ನೀರು ಇನ್ನೂ ಆಯಿಯ ಹೊಲಕ್ಕೆ ಮುಟ್ಟಿಲ್ಲ ಎಂದು ಕಾಲುವೆಯ ಸದ್ದಿನಲ್ಲೇ ನನಗೆ ತಿಳಿಯುತ್ತಿತ್ತು. ತುಂಬಿದ ಕಾಲುವೆಗೆ ಬೇರೆ ಸದ್ದು, ಕುಡಿಯುತ್ತಿರುವ ಕಾಲುವೆಗೆ ಬೇರೆ. ಫೋನು ಹೇಳಿದೆ, ನನ್ನದೇನಿದೆ ಎಂದು ಹಲಗೆ ಹಾಕಿ ನೀರನ್ನು ನಮ್ಮ ಕಬ್ಬಿಗೆ ತಿರುಗಿಸಿದೆ.

ಆಯಿ ಬಂದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಬದುವಿನ ಮೇಲೆ ಕೂತು, ಕಾಲಿಗೆ ಅಂಟಿದ ಕೆಸರನ್ನು ಬೆರಳಿನಿಂದ ತೆಗೆಯುತ್ತಾ, "ನೀರು ನನ್ನ ಬದುವಿನ ತನಕ ಬಂದಿತ್ತು ನೋಡು. ಮೂತಿ ಚಾಚಿ ನಿಂತಿತ್ತು. ಅಲ್ಲೇ ನಿಂತುಬಿಡ್ತು," ಎಂದಳು. ಆಮೇಲೆ, "ನಿನ್ನ ತಂಗಿ ಫೋನಿಗೆ ಕಾಲುವಿ ತೋಯೋದು ಗೊತ್ತಿಲ್ಲೇನ ಬೇ?" ಎಂದಳು.

ನಾನು ಕಬ್ಬಿನ ಕಡೆ ನೋಡಿದೆ.

ಸುದ್ದಿ ತಂಗಿಗೆ ಮುಟ್ಟಿತು. ಮರುದಿನವೇ ಕೂಸಿನೊಂದಿಗೆ ಬಂದಳು. ಪಂಪಿನ ಮನೆಯ ಮುಂದೆ ಮತ್ತೆ ಎಲ್ಲರೂ. ಈ ಸಲ ನಗು ಇರಲಿಲ್ಲ. ಕಾಕಾ, "ನಮ್ಮಪ್ಪ ಬರಿಗಾಲಿಲೆ ಮಾಡ್ತಿದ್ದ. ನೀ ಅಷ್ಟು ಓದಿ ಮುದುಕಿ ನೀರು ತಿಂದೆಲ್ಲವಾ," ಎಂದರು. ಇನ್ನೊಬ್ಬರು, "ಜೇವರ್ಗಿಯಾಗ ಕುಂತು ಕರಜಗಿ ನೆಲ ಹಸಿ ಅದ ಏನಿಲ್ಲ ಅಂತ ಹ್ಯಾಂಗ ಗೊತ್ತಾಗ್ಬೇಕು ಬಿಡ್ರಿ," ಎಂದರು. ತಂಗಿಯ ಮುಖ ಸಣ್ಣದಾಯಿತು. ಅವಳು ನನ್ನ ಕಡೆ ಒಮ್ಮೆ ನೋಡಿದಳು. ದೂರುವ ನೋಟವಲ್ಲ ಅದು, ನನಗೂ ಮರೆತಿತ್ತೇನೋ ಎಂದು ವಿಚಾರಿಸುವ ನೋಟ. ನಾನು ಕೂಸಿನ ಟೋಪಿ ಸರಿಮಾಡಿದೆ.

"ತಪ್ಪು ನಂದು," ಎಂದಳು ಅವಳು. "ನಾ ಸರಿಯಾಗಿ ಕೇಳಬೇಕಿತ್ತು, ಕೇಳಲಿಲ್ಲ. ಆಯಿ, ಮಾಫ್ ಮಾಡು."

ಅವಳು ಕೇಳಿದ್ದಳು. ಹಿಟ್ಟಿನ ಕೈಯಲ್ಲಿ ನಾನು ಉತ್ತರ ಕೊಟ್ಟಿದ್ದೆ. ಮೊದಲನೆಯ ಸುಳ್ಳಿಗಾದರೂ ಮುಳ್ಳು ಚುಚ್ಚಿದ ನೆವವಿತ್ತು. ಅವತ್ತು ಅಷ್ಟು ಜನರ ನಡುವೆ ಅವಳ ಕೂಸನ್ನು ತೋಳಲ್ಲಿಟ್ಟುಕೊಂಡು ಬಾಯಿ ಮುಚ್ಚಿ ನಿಂತದ್ದಕ್ಕೆ ಯಾವ ನೆವವೂ ಇಲ್ಲ. ಅವಳು ಗೊತ್ತಿಲ್ಲದೆ ನಿಲ್ಲುವುದನ್ನು ನೋಡಬೇಕೆಂದಿದ್ದೆನಲ್ಲ, ನೋಡಿದೆ. ಹಿತವಾಗಲಿಲ್ಲ. ಒಂದು ಗಳಿಗೆ ಕೂಡ.

ಮತ್ತೆ ಗೋಡೆಗೇ ಬರೆಯೋಣ ಎಂದು ಜನ ಎದ್ದರು. ಕಾಕಾ ಮಾತ್ರ, ಮುಂದಿನ ಭೇಟಿಯಲ್ಲಿ ಕೊನೆಯ ಮಾತು ಆಡೋಣ ಎಂದರು.

ಆಳಂದದ ಪಾಠಕ್ಕೆ ಇನ್ನು ಎರಡೇ ದಿನ ಉಳಿದಿತ್ತು. ಪಾಠ ಹೇಳುವಾಗ ಕೂಸು ಹಿಡಿಯಲು ನಾನು ಜೊತೆಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಅಫಜಲಪುರದಲ್ಲಿ ಬಸ್ಸು ಬದಲಿಸಿ ಕೂತೆವು. ತಂಗಿ ಚೀಲದಿಂದ ಹಾಳೆ ತೆಗೆದು ಏನನ್ನೋ ಹೊಡೆದು ಹಾಕುತ್ತಿದ್ದಳು.

"ಏನು ಮಾಡಾಕತ್ತಿ?"

"ಕಾಲುವಿ ತಗೀತೇನಿ ಅಕ್ಕ. ಪುಸ್ತಕದಾಗಿನ ಉದಾಹರಣಿ ಹೇಳ್ತೇನಿ. ನಮ್ಮ ಊರಾಗ ನಡೀಲಾರದ್ದನ್ನ ಮಂದಿ ಊರಾಗ ಏನಂತ ತೋರಸ್ಲಿ?"

ಕೂಸು ನನ್ನ ತೊಡೆಯ ಮೇಲೆ ನಿದ್ದೆ ಮಾಡಿತ್ತು. ಕಿಟಕಿಯ ಹೊರಗೆ ಕಟಾವಾದ ತೊಗರಿ ಹೊಲಗಳು. ಅವಳ ಮುಖ ನೋಡಿ ಹೇಳಲಾಗಲಿಲ್ಲ, ಕೂಸಿನ ಮುಖ ನೋಡಿಕೊಂಡೇ ಹೇಳಿದೆ. "ನೀ ಕೇಳಿದ್ದಿ ತಂಗಿ. ಮತ್ತೇನರ ಅದ ಏನು ಅಂತ ಕೇಳಿದ್ದಿ. ನಂಗ ಗೊತ್ತಿತ್ತು. ಮರತಿರಲಿಲ್ಲ. ಗೊತ್ತಿದ್ದೂ ಹೇಳಲಿಲ್ಲ."

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

"ಯಾಕ?" ಎಂದಳು.

ಫೋನಿನಲ್ಲಿ ಅವಳಾಡಿದ ಮಾತು ಹೇಳಿದೆ. ಬಾಯಿಂದ ಹೊರಬಂದಾಗ ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ನನಗೇ ನಾಚಿಕೆಯಾಯಿತು.

"ಅಷ್ಟಕ್ಕ? ನನ್ನ ಮ್ಯಾಲ ಸಿಟ್ಟಿದ್ರ ನಂಗ ಬಯ್ಯಬೇಕಿತ್ತು. ಆಯಿ ಏನು ಮಾಡಿದ್ಲು ನಿಂಗ?"

ಆಳಂದದ ಬಸ್ ನಿಲ್ದಾಣದಲ್ಲಿ ಇಳಿದು ಅವಳು ಒಬ್ಬಳೇ ಹೋಗಿ ಚಹಾ ಕುಡಿದು ಬಂದಳು. ನನ್ನನ್ನು ಕರೆಯಲಿಲ್ಲ. ಬಂದವಳು ಕೂಸನ್ನು ತೆಗೆದುಕೊಂಡು ಹಾಲು ಕುಡಿಸಿದಳು. ಸೆರಗಿನ ಮರೆಯಿಂದಲೇ, ನನ್ನ ಕಡೆ ನೋಡದೆ ಕೇಳಿದಳು: "ಒಣಗಿದ ಕಾಲುವಿ ತೋಯಾಕ ಎಷ್ಟು ಹೊತ್ತು ಹಿಡೀತದ?"

"ಎಲ್ಲಿತನಕ ಒಣಗ್ಯಾದ ಅನ್ನೋದರ ಮ್ಯಾಲ ಅದ."

"ನಡುವಿನವರು ನೀರು ಬಿಟ್ಕೊಂಡ ಮ್ಯಾಲ?"

"ಅಲ್ಲಿತನಕ ತೋಯ್ದಿರ್ತದ. ಮುಂದಿನವರು ಅಲ್ಲಿಂದ ಮುಂದಿನದು ಅಷ್ಟ ತೋಯಿಸ್ಕೋಬೇಕು."

ಅವಳು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಹೊಡೆದುಹಾಕಿದ್ದರ ಪಕ್ಕದಲ್ಲಿ ಬರೆಯತೊಡಗಿದಳು.

ಪಾಠ ನಡೆಯುವಾಗ ನಾನು ಹೊರಗೆ ಪಡಸಾಲೆಯಲ್ಲಿ ಕೂಸನ್ನು ಆಡಿಸುತ್ತಾ ಕೂತಿದ್ದೆ. ಕಿಟಕಿ ತೆರೆದಿತ್ತು. ಅವಳು ಕಾಲುವೆಯನ್ನೇ ಹೇಳುತ್ತಿದ್ದಳು. ಕರಿಹಲಗೆಯ ಮೇಲೆ ಚಿತ್ರ ಬರೆದ ಸದ್ದು ಕೇಳಿಸುತ್ತಿತ್ತು. ಮೊದಲು ಹೊರಟಾಗ ತನ್ನ ಪ್ರೋಗ್ರಾಮಿನ ಕೈಯಲ್ಲಿ ಇದ್ದದ್ದು ಒಂದೇ, ಕರೆಂಟು ಇರುವುದರಲ್ಲಿ ಇನ್ನೂ ಉಳಿದ ಹೊತ್ತು, ಎಂದಳು. ಒಬ್ಬೊಬ್ಬ ಪಾಲುದಾರನ ಹತ್ತಿರ ಹೋದಾಗಲೂ ಅವನ ಪಾಳಿಯನ್ನು ಹೊಸ ಲಿಸ್ಟಿಗೆ ಸೇರಿಸಿ, ಉಳಿದ ಹೊತ್ತನ್ನು ಮುಂದಿನವನಿಗೆ ದಾಟಿಸುತ್ತಿತ್ತು. ದಾಟಿಸಬೇಕಾದದ್ದು ಎರಡಿತ್ತು: ಉಳಿದ ಹೊತ್ತು, ಮತ್ತು ಕಾಲುವೆ ಎಲ್ಲಿಯವರೆಗೆ ಹಸಿಯಾಗಿದೆ ಎನ್ನುವುದು. ಎರಡನ್ನೂ ಜೋಡಿಯಾಗಿ ಕೈಯಿಂದ ಕೈಗೆ ಕೊಟ್ಟರೆ ತುದಿಯ ಹೊಲಕ್ಕೂ ಅದರ ಪಾಲು ಮುಟ್ಟುತ್ತದೆ. ಸುತ್ತು ಮುಗಿದಾಗ ಕೈಯಲ್ಲಿ ಉಳಿದದ್ದರಿಂದಲೇ ಮರುದಿನದ ಲೆಕ್ಕ ಶುರು.

"ಗೋಡಿ ಮ್ಯಾಲ ಬರದ್ರ ಆಗಂಗಿಲ್ಲೇನ್ರಿ ಮೇಡಂ?" ಎಂದು ಯಾರೋ ಕೇಳಿದರು.

"ಬರೀರಿ. ನಿಮ್ಮ ಬಾಜೂದವ ಒರಸ್ತಾನ."

"ಖರೇ ರಿ, ಇವ ಹಾಜರಿ ಪುಸ್ತಕಾನೇ ಒರಸ್ತಾನ," ಎಂದು ಇನ್ನೊಂದು ಧ್ವನಿ ಬಂತು. ತರಗತಿ ನಕ್ಕಿತು.

ನಗು ನಿಂತ ಮೇಲೆ ಒಬ್ಬ ಹುಡುಗಿ ಕೇಳಿದಳು, "ಮೇಡಂ, ಹಂಗಂದ್ರ ಮೊದಲನೇ ಸಲ ಪ್ರೋಗ್ರಾಮ್ ಲೆಕ್ಕ ತಪ್ಪಿತೇನ್ರಿ?"

ನಾನು ಕೂಸಿನ ಬೆನ್ನು ತಟ್ಟುವುದನ್ನು ನಿಲ್ಲಿಸಿದೆ.

"ಲೆಕ್ಕ ತಪ್ಪಲಿಲ್ಲ," ಎಂದಳು ತಂಗಿ. "ತನ್ನ ಕೈಗೆ ಕೊಡದೇ ಇದ್ದದ್ದನ್ನ ಅದು ಮುಂದಿನವರಿಗೆ ಹ್ಯಾಂಗ ಕೊಡ್ತದ?"

ನನ್ನ ಹೆಸರಾಗಲೀ ಅಕ್ಕ ಎಂಬ ಶಬ್ದವಾಗಲೀ ಅವಳ ಬಾಯಲ್ಲಿ ಬರಲಿಲ್ಲ. ನನಗೆ ಮುಟ್ಟಬೇಕಾದದ್ದು ಮುಟ್ಟಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಒಂದೇ ಮಾತು ಹೇಳಿದಳು. "ಪ್ರೋಗ್ರಾಮ್ ನಾ ಸರಿ ಮಾಡ್ತೇನಿ. ಅವರಿಗೆ ನೀ ಹೇಳಬೇಕು. ನಾ ಹೇಳಂಗಿಲ್ಲ." ನಾನು ಹೂಂ ಎಂದೆ. ಕೂಸು ಎಚ್ಚರವಾಗಿ ಅವಳ ಕಡೆ ಕೈ ಚಾಚಿತು. ಅವಳು ತೆಗೆದುಕೊಳ್ಳಲಿಲ್ಲ. "ಇರಲಿ, ನಿನ್ನ ಹತ್ರ ಸುಮ್ಮನಿರ್ತದ," ಎಂದಳು. ಆ ದಿನ ನನಗೆ ಸಿಕ್ಕ ಮೊದಲ ಮೆತ್ತನೆಯ ಮಾತು ಅದು.

ಕೊನೆಯ ಮಾತಿಗೆಂದು ಜನ ಸೇರಿದ ದಿನ ಕಾಕಾ ಸುಣ್ಣದ ಕಡ್ಡಿ ತಂದೇ ಬಿಟ್ಟಿದ್ದರು. ಅವರು ಗೋಡೆಯ ಕಡೆ ತಿರುಗುವ ಮೊದಲೇ ನಾನು ಎದ್ದೆ. ಬಸ್ಸಿನಲ್ಲಿ ಹೇಳಿದ್ದನ್ನೇ ಹೇಳಿದೆ, ಒಂದು ಹೆಚ್ಚಿಗೆ ಸೇರಿಸಿ: ನೀರು ಆಯಿಯ ಹೊಲಕ್ಕೆ ಮುಟ್ಟಿಲ್ಲವೆಂದು ತಿಳಿದೇ ಹಲಗೆ ಹಾಕಿದೆ. ತಂಗಿ ಪಂಪಿನ ಮನೆಯ ಮೆಟ್ಟಿಲ ಮೇಲೆ ಕೂತು ನೆಲ ನೋಡುತ್ತಿದ್ದಳು.

ಕಾಕಾ ಕಡ್ಡಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ನಮ್ಮಪ್ಪನ ಹಿಂದ ತಿರಗಾಡಿದಾಕಿ ನೀ," ಎಂದರಷ್ಟೇ.

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸಸಿ ಅರ್ಧ ಹೋದವು," ಎಂದಳು.

"ನನ್ನ ಪಾಳಿ ನೀರು ನೀ ತಗೋ ಆಯಿ. ಸಸಿ ನಾ ನಾಟಿ ಕೊಡ್ತೇನಿ."

"ನಾಟು. ಬಾಗಿ ನಾಟು, ಕುಂತು ನಾಟಬ್ಯಾಡ. ಸಾಲು ಸೊಟ್ಟ ಆಗ್ತಾವ."

ಯಾರೋ ಮೂಗಿನಲ್ಲಿ ನಕ್ಕರು. ತಂಗಿ ಎದ್ದು ಹೊಸ ಲೆಕ್ಕ ವಿವರಿಸಿದಳು. ಕರೆಂಟು ಹೋಗಿ ಬಂದಾಗಲೆಲ್ಲ ಯಾರಾದರೂ ಒಬ್ಬರು ಕಾಲುವೆ ನಡೆದು ನೋಡಿ, ಎಲ್ಲಿಯವರೆಗೆ ಹಸಿ ಎಂದು ಫೋನಿಗೆ ಹೇಳಬೇಕು. ಅದನ್ನು ಮೊದಲು ಕೈಗೆ ಕೊಟ್ಟರೆ ಮುಂದಿನದೆಲ್ಲ ಅದು ಒಬ್ಬರಿಂದ ಒಬ್ಬರಿಗೆ ದಾಟಿಸಿಕೊಂಡು ಹೋಗುತ್ತದೆ.

"ನಡಿಯೋರು ಯಾರು?" ಎಂದರು ಕಾಕಾ. "ಇಕಿ ಕೈಯಾಗ ಅಂತೂ ಬ್ಯಾಡ."

"ಇಕಿಗೇ ಕೊಡ್ರಿ," ಎಂದಳು ಆಯಿ. "ಇಕಿಗೆ ನೆಲ ಗೊತ್ತದ. ನಾ ತುದಿಗೆ ನಿಂತು ನೋಡ್ತೇನಿ. ಮತ್ತ ಸುಳ್ಳು ಹೇಳ್ಲಿ ನೋಡೋಣು."

ಕಾಕಾ ಆಯಿಯನ್ನು ನೋಡಿದರು, ನನ್ನನ್ನು ನೋಡಿದರು, ಸುಣ್ಣದ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡರು. ಇನ್ನೊಂದು ಸುತ್ತು ನೋಡೋಣ ಎಂದಾಯಿತು.

ಆ ಸುತ್ತಿನಲ್ಲಿಯೂ ಕರೆಂಟು ಹೋಯಿತು, ಕಾಲುವೆ ಒಣಗಿತು. ಕರೆಂಟು ಬಂದ ದಿನ ನಾನು ಬರಿಗಾಲಿನಲ್ಲಿ ನಡೆದು ಅಂಗಾಲು ಒತ್ತಿ ನೋಡಿ ತಂಗಿಗೆ ಹೇಳಿದೆ. ಪಂಪಿನ ಬುಡಕ್ಕೆ ಬಂದು ಹಲಗೆಯ ಪಕ್ಕ ಕೂತೆ. ನೀರು ಹೋಯಿತು, ಕಾಲುವೆ ಕುಡಿಯಿತು. ಫೋನು ಸುಮ್ಮನಿತ್ತು. ಬಿಸಿಲು ಏರಿತು. ಕಾಲುವೆಯ ಸದ್ದು ನಿಧಾನಕ್ಕೆ ಬದಲಾಗಿ ತುಂಬಿದ ದನಿಗೆ ಬಂತು. ದೂರದ ತುದಿಯಿಂದ ಆಯಿಯ ಕೂಗು ಕೇಳಿಸಿತು: "ಬಂತು ಬೇ, ಬಂ...ತು." ಅದಾದ ಎಷ್ಟೋ ಹೊತ್ತಿನ ಮೇಲೆ, ಅವಳ ಸಸಿಗಳು ಉಂಡಾದ ಮೇಲೆ, ನನ್ನ ಫೋನು ಟಿಂಗ್ ಎಂದಿತು. ನನ್ನ ಆ ಪಾಳಿಯನ್ನು ಆಯಿಗೇ ಕೊಟ್ಟಿದ್ದೆನಲ್ಲ. ಹಲಗೆ ಮುಟ್ಟದೆ ಕೂತೇ ಇದ್ದೆ.

ಈಗ ಪಂಪಿನ ಮನೆಯ ಗೋಡೆಗೆ ಸುಣ್ಣ ಬಳಿದಿದ್ದಾರೆ. ನಾನು ನಾಟಿಕೊಟ್ಟ ಸಾಲುಗಳು ಸ್ವಲ್ಪ ಸೊಟ್ಟವೇ ಆದವು. ಹೋದಾಗಲೆಲ್ಲ ಆಯಿ ಅದನ್ನು ತೋರಿಸಿ ಆಡಿಕೊಳ್ಳುತ್ತಾಳೆ, ಬರುವಾಗ ಸೆರಗಿಗೆ ಮೆಣಸಿನಕಾಯಿ ಹಾಕುತ್ತಾಳೆ. ತಂಗಿ ಮೊದಲಿನಷ್ಟು ಹರಟುವುದಿಲ್ಲ. ಫೋನು ಮಾಡಿದರೆ ಕಾಲುವೆಯ ಮಾತಾಡಿ ಇಟ್ಟುಬಿಡುತ್ತಾಳೆ. ಅವಸರ ಮಾಡುವ ಹಕ್ಕು ನನಗಿಲ್ಲ.

ನಿನ್ನೆ ಸಂಜೆ ಪಂಪು ನಿಂತ ಮೇಲೆ ನಡೆದು ಹೋಗಿ ಬೇವಿನ ಕಡ್ಡಿ ಚುಚ್ಚಿ ತಂಗಿಗೆ ಫೋನು ಮಾಡಿದೆ. ಎಲ್ಲಿಯವರೆಗೆ ಹಸಿ ಎಂದು ಹೇಳಿದೆ. ಬರೆದುಕೊಂಡಳು. ಇಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಅತ್ತ ಕಡೆ ಕೂಸು ಏನೋ ತೊದಲುತ್ತಿತ್ತು.

"ಮತ್ತೇನರ ಅದ ಏನಕ್ಕ?" ಎಂದಳು.

"ಅದ," ಎಂದೆ. ಕಾಲುವೆಯ ದಡದ ಮೇಲೆ ಕೂತು, ನಡುವಿನ ತಿರುವಿನಲ್ಲಿ ಏಡಿಯೊಂದು ತೂತು ಕೊರೆದು ನೀರು ಸೋರುತ್ತಿರುವ ಮಾತಿನಿಂದ ಶುರು ಮಾಡಿದೆ.